ಅತ್ತೆಯ ಜೊತೆ ಬೆಳಗೊಳಕ್ಕೆ

ಶ್ರವಣಬೆಳಗೊಳ ನೋಡದವರು ನಮ್ಮ ಕಡೆ ಬಹಳ ಕಡಿಮೆ. ಶಾಲೆಯ ಪ್ರವಾಸದಲ್ಲೋ, ಮದುವೆಯಾದ ಹೊಸದರಲ್ಲೋ, ಧರ್ಮಸ್ಥಳಕ್ಕೆ ಹೋಗುವ ದಾರಿಯಲ್ಲೋ ಒಂದು ಸಲ ಬೆಟ್ಟ ಹತ್ತಿ ಇಳಿದಿರುತ್ತೀರಿ. ಹಾಗಿದ್ದ ಮೇಲೆ ಇವಳು ಹೊಸದಾಗಿ ಏನು ಹೇಳುತ್ತಾಳೆ ಎಂದು ನೀವು ಕೇಳಿದರೆ ತಪ್ಪಿಲ್ಲ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿ ಮದುವೆಯಾಗಿ ತಿಪಟೂರಿಗೆ ಬಂದವಳು. ಇತಿಹಾಸ ಹೇಳುವಷ್ಟು ದೊಡ್ಡವಳಲ್ಲ. ಆದರೆ ನಮ್ಮೂರಿಂದ ಎರಡು ಬಸ್ಸು ಹತ್ತಿದರೆ ಸಿಗುವ ಆ ಊರಿಗೆ ಹೋಗಲು ನಮ್ಮ ಅತ್ತೆಗೆ ನಲವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿತು. ಯಾಕೆಂದರೆ ನಿಮ್ಮ ಮನೆಯಲ್ಲೂ ಇಂಥ ಅತ್ತೆಯೋ ಅಮ್ಮನೋ ಇರಬಹುದು. ನೀವೇ ಅವರಾಗಿರಬಹುದು!

ಅಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವುದು ನಿಮಗೆ ಗೊತ್ತೇ ಇದೆ. 1981ರದ್ದು ಬಹಳ ದೊಡ್ಡ ಉತ್ಸವ. ಗೊಮ್ಮಟ ನಿಂತು ಸಾವಿರ ವರ್ಷ ತುಂಬಿತೆಂದು ಮಾಡಿದ್ದು. ಆಗ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಲ್ಲಿ ಬಂದು ಮೇಲಿನಿಂದ ಹೂವು ಸುರಿಸಿದ್ದರು. ನಮ್ಮ ಬೀದಿಯವರೆಲ್ಲ ಸೇರಿ ಒಂದು ಬಸ್ಸು ಗೊತ್ತು ಮಾಡಿದ್ದರಂತೆ. ಅತ್ತೆಯೂ ಕೂಡಿಟ್ಟ ದುಡ್ಡಿನಲ್ಲಿ ಒಂದು ಸೀಟಿಗೆ ಕೊಟ್ಟಿದ್ದರು. ಹೊರಡುವ ಹಿಂದಿನ ರಾತ್ರಿ ಕೈಗೂಸಿಗೆ ಜ್ವರ ಬಂತು. ಅತ್ತೆ ಉಳಿದರು. ಬಸ್ಸು ಹೋಯಿತು.

ಆಮೇಲೆ 1993ರ ಡಿಸೆಂಬರಿನಲ್ಲಿ ಮತ್ತೆ ಅಭಿಷೇಕ. ಆಗ ಅತ್ತೆಯ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರನ್ನು ಮಗ್ಗುಲು ತಿರುಗಿಸಲೂ ಒಬ್ಬರು ಬೇಕು. 2006ರ ಫೆಬ್ರವರಿಯಲ್ಲಿ ನಾನು ಬಾಣಂತಿ. ನನ್ನ ತವರಿನಲ್ಲಿ ಅಮ್ಮ ಇಲ್ಲದ್ದರಿಂದ ಬಾಣಂತನವೆಲ್ಲ ಅತ್ತೆಯದೇ. 2018ರಲ್ಲಿ ಮಾವನವರಿಗೆ ಆಪರೇಷನ್ ಆಗಿ ಮನೆಗೆ ಕರಕೊಂಡು ಬಂದು ಹದಿನೈದು ದಿನವಾಗಿತ್ತು. ಟಿ.ವಿ.ಯಲ್ಲಿ ಗೊಮ್ಮಟನ ತಲೆಯ ಮೇಲೆ ಹಾಲು, ಅರಿಶಿನ, ಚಂದನ ಸುರಿಯುವುದನ್ನು ತೋರಿಸುತ್ತಿದ್ದರು. ಅತ್ತೆ ಸೌಟು ಕೈಯಲ್ಲಿ ಹಿಡಕೊಂಡೇ ಬಾಗಿಲಲ್ಲಿ ನಿಂತು ನೋಡಿದರು. ಒಗ್ಗರಣೆ ಸೀದ ವಾಸನೆ ಬಂದ ಮೇಲೆ ಒಳಗೆ ಹೋದರು.

ನಾಲ್ಕು ಅಭಿಷೇಕ, ನಾಲ್ಕು ಕಾರಣ. ಒಂದೂ ಅವರದಲ್ಲ. ಒಂದಂತೂ ನನ್ನದೇ. ಮುಂದಿನದು 2030ರ ಹೊತ್ತಿಗೆ. ಅತ್ತೆಗೆ ಈಗಲೇ ಎಪ್ಪತ್ತರ ಹತ್ತಿರ, ಮಂಡಿ ನೋವು ಬೇರೆ. ಈ ಸಲ ಸಂಕ್ರಾಂತಿ ಕಳೆದ ಮೇಲೆ ನಾನೇ ಅಂದೆ, "ಅತ್ತೆ, ಅಭಿಷೇಕ ಇಲ್ಲದಿದ್ರೆ ಗೊಮ್ಮಟ ಅಲ್ಲಿ ಇರೋದಿಲ್ವಾ? ನಡೀರಿ, ನಾವಿಬ್ಬರೇ ಹೋಗಿ ಬರೋಣ." ನಮ್ಮನೆಯವರು, "ಎರಡು ದಿನ ಊಟಕ್ಕೆ?" ಅಂದರು. ಸಾರಿನ ಪುಡಿ ಡಬ್ಬಿ ಎಲ್ಲಿದೆ ಎಂದು ತೋರಿಸಿ ಹೊರಟೆವು.

ಎರಡು ಬೆಟ್ಟದ ನಡುವೆ

ತಿಪಟೂರಿನಿಂದ ನುಗ್ಗೇಹಳ್ಳಿ ಮೇಲೆ ಚನ್ನರಾಯಪಟ್ಟಣ, ಅಲ್ಲಿಂದ ಹನ್ನೆರಡು ಹದಿಮೂರು ಕಿಲೋಮೀಟರು ಬೆಳಗೊಳ. ದಾರಿಯುದ್ದಕ್ಕೂ ತೆಂಗಿನ ತೋಟ, ರಾಗಿ ಹೊಲ. ಬಸ್ಸಿನ ಕಿಟಕಿಯಿಂದ ದೂರದಲ್ಲಿ ಬೋಳು ಬಂಡೆಯ ಬೆಟ್ಟ ಕಂಡಿತು. ಅದರ ನೆತ್ತಿಯ ಗೋಡೆಗಳ ಮೇಲೆ ಚಿಕ್ಕದಾಗಿ ಏನೋ ಎದ್ದು ನಿಂತಂತಿತ್ತು. "ಅದೇ ಅಲ್ವೇನೇ?" ಅಂದರು ಅತ್ತೆ. ನನ್ನ ಕೈ ಹಿಡಿದವರು ಬಸ್ಸು ನಿಲ್ಲುವವರೆಗೂ ಬಿಡಲಿಲ್ಲ.

ಊರು ದೊಡ್ಡದಲ್ಲ. ದಕ್ಷಿಣಕ್ಕೆ ದೊಡ್ಡಬೆಟ್ಟ, ಅದಕ್ಕೆ ವಿಂಧ್ಯಗಿರಿ ಎಂದೂ ಹೆಸರು. ಉತ್ತರಕ್ಕೆ ಚಿಕ್ಕಬೆಟ್ಟ, ಅದು ಚಂದ್ರಗಿರಿ. ಎರಡರ ನಡುವೆ ಮೆಟ್ಟಿಲು ಕಟ್ಟಿದ ದೊಡ್ಡ ಕೊಳ, ಕಲ್ಯಾಣಿ. ಬಿಳಿಯ ಕೊಳವೇ ಬೆಳ್ಗೊಳ ಆಯಿತು, ಶ್ರಮಣರು ಎಂದರೆ ಜೈನ ಮುನಿಗಳು ಇದ್ದದ್ದರಿಂದ ಶ್ರವಣಬೆಳಗೊಳ ಆಯಿತು ಎನ್ನುತ್ತಾರೆ.

ನಾವು ತಲುಪಿದಾಗ ಹತ್ತೂವರೆ. ಬಂಡೆ ಕಾಯತೊಡಗಿತ್ತು. ನಮ್ಮ ಹಿಂದಿನ ಬೀದಿಯ ಜೈನರ ಮನೆಯ ಅಮ್ಮ ಮೊದಲೇ ಹೇಳಿದ್ದರು, "ಬಿಸಿಲೇರಿದ ಮೇಲೆ ಬೆಟ್ಟಕ್ಕೆ ಹೋಗಬೇಡಿ, ಬರಿಗಾಲಲ್ಲಿ ಹತ್ತಬೇಕು, ಅಂಗಾಲು ಸುಟ್ಟೀತು. ಮೊದಲು ಊರೊಳಗಿನ ಬಸದಿಗಳನ್ನು ನೋಡಿ." ಅವರ ಮಾತಿನಂತೆ ಊರೊಳಗೆ ಹೊರಟೆವು. ಭಂಡಾರ ಬಸದಿಗೆ ಹೋದೆವು. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ್ದಂತೆ. ಒಳಗೆ ಇಪ್ಪತ್ತನಾಲ್ಕು ತೀರ್ಥಂಕರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಮಠದ ಗೋಡೆಯ ಹಳೆಯ ಬಣ್ಣದ ಚಿತ್ರಗಳನ್ನೂ ನೋಡಿದೆವು. 1981ರಿಂದ 2018ರವರೆಗಿನ ನಾಲ್ಕೂ ಮಹಾಮಸ್ತಕಾಭಿಷೇಕಗಳನ್ನು ನಡೆಸಿದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರು ಈ ಮಠದಲ್ಲೇ ಇದ್ದವರು. 2023ರಲ್ಲಿ ಅವರು ಹೋಗಿಬಿಟ್ಟರು. "ನಾನು ತಪ್ಪಿಸಿಕೊಂಡ ನಾಲ್ಕನ್ನೂ ಅವರು ಮಾಡಿಸಿದ್ದಾರೆ ನೋಡು," ಎಂದು ಅತ್ತೆ ನಕ್ಕರು.

ನನಗೆ ಹೆಚ್ಚು ಹಿಡಿಸಿದ್ದು ಅಕ್ಕನ ಬಸದಿ. ಹೆಸರೇ ಎಷ್ಟು ಚೆನ್ನ! 1181ರಲ್ಲಿ ಆಚಿಯಕ್ಕ ಎಂಬ ಹೆಣ್ಣುಮಗಳು ಕಟ್ಟಿಸಿದ್ದು. ಆಕೆಯ ಗಂಡ ಚಂದ್ರಮೌಳಿ ವೀರಬಲ್ಲಾಳನ ಮಂತ್ರಿ, ಬ್ರಾಹ್ಮಣ, ಶಿವಭಕ್ತ. ಹೆಂಡತಿ ಜಿನಭಕ್ತೆ. ಬಸದಿಯ ಕಂಬಗಳು ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುತ್ತವೆ. ಮಧ್ಯಾಹ್ನದಲ್ಲೂ ಒಳಗೆ ತಂಪು. ಅತ್ತೆ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತರು. ಗಂಡನದೊಂದು ದೇವರು, ತನ್ನದೊಂದು ದೇವರು ಇಟ್ಟುಕೊಂಡು ಎಂಟು ಶತಮಾನದ ಹಿಂದೆ ಒಬ್ಬಳು ಸಂಸಾರ ಮಾಡಿದ್ದಳಲ್ಲ, ಇಬ್ಬರೂ ಎಷ್ಟು ದೊಡ್ಡ ಮನಸ್ಸಿನವರಿರಬೇಕು! ನಮ್ಮಲ್ಲಿ ಒಂದು ತಿಂಡಿಯ ವಿಷಯಕ್ಕೇ ಎರಡು ದಿನ ಮಾತು ಬಿಡುತ್ತೇವೆ.

ಡೋಲಿ ಬೇಡ ಎಂದರು

ಊಟ ಮಾಡಿ, ಕೋಣೆಯಲ್ಲಿ ಸ್ವಲ್ಪ ಅಡ್ಡಾಗಿ, ನಾಲ್ಕು ಗಂಟೆಗೆ ದೊಡ್ಡಬೆಟ್ಟದ ಬುಡಕ್ಕೆ ಬಂದೆವು. ಬಂಡೆಯನ್ನೇ ಕಡಿದು ಮಾಡಿದ ಮೆಟ್ಟಿಲು, ಆರುನೂರಕ್ಕೂ ಮೇಲೆ. ಊರಿನಿಂದ ತುದಿಗೆ 470 ಅಡಿ ಎತ್ತರ. ಅತ್ತೆ ಮೊದಲ ಮೆಟ್ಟಿಲಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು. ಇಪ್ಪತ್ತು ಮೆಟ್ಟಿಲು ಹತ್ತಿದರು. ಅಲ್ಲಿಗೇ ಮಂಡಿ ಹಿಡಿದುಕೊಂಡಿತು. ಮುಖ ಬಿಳಿಚಿತು.

ಅಲ್ಲಿ ಡೋಲಿ ಸಿಗುತ್ತದೆ. ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಹತ್ತಿಸಿ ಇಳಿಸುತ್ತಾರೆ. ವಯಸ್ಸಾದವರು ಎಷ್ಟೋ ಜನ ಹಾಗೇ ಹೋಗಿ ಬರುತ್ತಾರೆ. ನಾನು ಮಾತಾಡಿ ದುಡ್ಡು ಗೊತ್ತು ಮಾಡಲು ಹೊರಟೆ. ಅತ್ತೆ ಸೆರಗು ಹಿಡಿದು ಎಳೆದರು.

"ಬೇಡ ಕಣೇ. ನಾಲ್ಕು ಜನದ ಹೆಗಲ ಮೇಲೆ ಹೋಗೋದು ಒಂದೇ ಸಲ. ಅದಕ್ಕಿನ್ನೂ ಟೈಮಿದೆ."

ಡೋಲಿಯವರೂ ನಕ್ಕುಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ಕಾದು ಇಲ್ಲಿವರೆಗೆ ಬಂದು ಇಪ್ಪತ್ತು ಮೆಟ್ಟಿಲಿಗೆ ವಾಪಸ್ಸಾ? ಎಷ್ಟು ಹೇಳಿದರೂ ಕೇಳಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಅಲ್ಲೇ ಕಾಲುಚೀಲ ಮಾರುತ್ತಿದ್ದ ಹೆಂಗಸು ನಮ್ಮನ್ನು ನೋಡುತ್ತ ಇದ್ದವಳು ಅಂದಳು, "ಅಮ್ಮೋರೆ, ಅಜ್ಜಿನ ಚಿಕ್ಕಬೆಟ್ಟಕ್ಕೆ ಕರ್ಕೊಂಡೋಗಿ. ಅಲ್ಲಿ ಮೆಟ್ಟಿಲು ಕಮ್ಮಿ. ಗೊಮ್ಮಟಪ್ಪ ಆ ಕಡೇನೇ ಮುಖ ಮಾಡಿ ನಿಂತವ್ನೆ."

ಹೌದಲ್ಲ! ಗೊಮ್ಮಟ ಉತ್ತರಕ್ಕೆ ಮುಖ ಮಾಡಿದ್ದಾನೆ. ಉತ್ತರಕ್ಕಿರುವುದೇ ಚಿಕ್ಕಬೆಟ್ಟ. ಒಮ್ಮೆ ಬಂದವರೆಲ್ಲ ದೊಡ್ಡಬೆಟ್ಟ ಹತ್ತಿ ಇಳಿದು ಬಸ್ಸು ಹಿಡಿಯುತ್ತಾರೆ. ಚಿಕ್ಕಬೆಟ್ಟವನ್ನು ಎಷ್ಟು ಜನ ನೋಡಿದ್ದೀರಿ, ಹೇಳಿ? ಹೈಸ್ಕೂಲಿನಲ್ಲಿದ್ದಾಗ ಬಂದಿದ್ದ ನಾನೂ ನೋಡಿರಲಿಲ್ಲ.

ಚಿಕ್ಕಬೆಟ್ಟದ ಹೆಣ್ಣುಮಕ್ಕಳು

ಸುಮಾರು ಇನ್ನೂರು ಮೆಟ್ಟಿಲು. ಹತ್ತು ಮೆಟ್ಟಿಲಿಗೊಮ್ಮೆ ಕೂತು, ನೀರು ಕುಡಿದು, ನನ್ನ ಹೆಗಲು ಹಿಡಿದು ಅತ್ತೆ ಹತ್ತಿದರು. ಒಂದು ಗಂಟೆ ಹಿಡಿಯಿತು. ಹಿಡಿಯಲಿ, ನಮಗೇನು ಅವಸರ?

ಮೇಲೆ ಗೋಡೆಯೊಳಗೆ ಬಸದಿಗಳ ಒಂದು ಊರೇ ಇದೆ. ನಿಜವಾಗಿ ನೋಡಿದರೆ ಇದೇ ಹಳೆಯ ಬೆಳಗೊಳ. ದೊಡ್ಡಬೆಟ್ಟದ ಮೇಲೆ ಗೊಮ್ಮಟ ಬರುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ಮುನಿಗಳಿದ್ದರು. ಉತ್ತರ ದೇಶದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುತ್ತದೆಂದು ತಿಳಿದು ಭದ್ರಬಾಹು ಮುನಿಗಳು ಶಿಷ್ಯರ ಜೊತೆ ಇಲ್ಲಿಗೆ ಬಂದರು, ರಾಜ್ಯ ಬಿಟ್ಟ ಚಂದ್ರಗುಪ್ತ ಮೌರ್ಯನೂ ಅವರ ಸೇವೆ ಮಾಡುತ್ತ ಇಲ್ಲೇ ಉಳಿದ ಎಂದು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಚಂದ್ರಗುಪ್ತನ ಹೆಸರಿನ ಬಸದಿಯಲ್ಲಿ ಕಲ್ಲಿನಲ್ಲೇ ಕೊರೆದ ಜಾಲಂಧ್ರವಿದೆ. ಆ ಕಥೆಯನ್ನೆಲ್ಲ ಬೆರಳಗಲದ ಚಿತ್ರಗಳಲ್ಲಿ ಕೆತ್ತಿದ್ದಾರೆ. ಕಸೂತಿ ಮಾಡುವವರು ಅದನ್ನು ತಪ್ಪದೆ ನೋಡಬೇಕು.

ಬಂಡೆಯ ಮೇಲೆ ಎಲ್ಲಿ ನೋಡಿದರೂ ಬರಹ. ಅತಿ ಹಳೆಯದು ಕ್ರಿ.ಶ. 600ರ ಸುಮಾರಿನದು. ಬೆಳಗೊಳದ ಸುತ್ತಮುತ್ತ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಈ ಬೆಟ್ಟದ ಹಳೆಯ ಶಾಸನಗಳಲ್ಲಿ ಬಹಳಷ್ಟು ಸಲ್ಲೇಖನದವು. ಆಯುಷ್ಯ ಮುಗಿಯಿತು ಎಂದು ಕಂಡಾಗ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ, ಯಾರ ಮೇಲೂ ಸಿಟ್ಟು ಆಸೆ ಇಟ್ಟುಕೊಳ್ಳದೆ ಶಾಂತವಾಗಿ ದೇಹ ಬಿಡುವ ಜೈನರ ವ್ರತ ಅದು. ಹಾಗೆ ಹೋದವರಲ್ಲಿ ಗಂತಿಯರು, ಎಂದರೆ ಸನ್ಯಾಸಿನಿಯರೂ ಇದ್ದಾರೆ.

ಇನ್ನು ಹೆಣ್ಣುಮಕ್ಕಳು ಕಟ್ಟಿಸಿದ ಬಸದಿಗಳು. ವಿಷ್ಣುವರ್ಧನನ ಸೇನಾಪತಿ ಗಂಗರಾಜನ ಹೆಂಡತಿ ಲಕ್ಷ್ಮಿ 1118ರಲ್ಲಿ ಎರಡುಕಟ್ಟೆ ಬಸದಿ ಕಟ್ಟಿಸಿದಳು. ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದ್ದು ಕತ್ತಲೆ ಬಸದಿ. ಹೆಸರಿಗೆ ತಕ್ಕಂತೆ ಒಳಗೆ ಕತ್ತಲೆ. ಪಟ್ಟದ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ್ದಕ್ಕೆ ಸವತಿಗಂಧವಾರಣ ಬಸದಿ ಎಂದು ಹೆಸರು. ಸವತಿಯರ ಪಾಲಿಗೆ ಮದ್ದಾನೆ ಎಂಬುದು ಅವಳ ಬಿರುದಂತೆ! ನಾಟ್ಯರಾಣಿ ಎಂದಷ್ಟೇ ಅವಳನ್ನು ತಿಳಿದಿದ್ದ ನಮಗೆ ಇದನ್ನು ಕೇಳಿ ನಗು ಬಂತು.

ಅಲ್ಲಿಗೆ ಒಬ್ಬರು ಮೇಷ್ಟ್ರು ಶಾಲೆಯ ಮಕ್ಕಳನ್ನು ಕರಕೊಂಡು ಬಂದಿದ್ದರು. ನಾವೂ ಮಕ್ಕಳ ಹಿಂದೆ ಕೂತೆವು. ಅವರು ಹೇಳಿದ್ದು ಇಷ್ಟು: ಶಾಂತಲೆಯ ತಂದೆ ಶೈವ, ತಾಯಿ ಮಾಚಿಕಬ್ಬೆ ಜೈನಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನಿರುವುದು ಬೇಡವೆಂದು ಮಾಚಿಕಬ್ಬೆ ಈ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಇದೆಲ್ಲ ಇಲ್ಲಿನ ಶಾಸನದಲ್ಲಿ ಬರೆದಿದೆ.

ಮಕ್ಕಳು ಎದ್ದು ಓಡಿದರು. ಅತ್ತೆ ಏಳಲಿಲ್ಲ. ಕಾಲು ನೋಯುತ್ತದೇನೋ ಎಂದು ನಾನೂ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಅಂದರು:

"ಆ ಸಲ ಬಸ್ಸು ಹೋಯ್ತಲ್ಲ, ಅದಾಗಿ ನಾಲ್ಕನೇ ದಿನ ಮಗು ಹೋಯ್ತು. ಎಂಟು ತಿಂಗಳು. ಇದ್ದಿದ್ರೆ ನಿನ್ನ ವಾರಿಗೆಯವಳೇ."

ನಮ್ಮನೆಯವರಿಗೆ ಒಬ್ಬ ತಂಗಿ ಇದ್ದಳಂತೆ, ಉಳಿಯಲಿಲ್ಲವಂತೆ ಎಂದಷ್ಟೇ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಒಂದೇ ಒಲೆಯ ಮುಂದೆ ನಿಂತಿದ್ದೇವೆ, ಆ ಮಾತು ಅವರ ಬಾಯಿಂದ ಬಂದಿರಲಿಲ್ಲ. ಬಸ್ಸಿನಲ್ಲಿ ಹೋಗಿದ್ದವರು ಪ್ರಸಾದ ತಂದು ಕೊಡಲು ಬಂದಾಗ ಮನೆಯಲ್ಲಿ ಮಗು ಇರಲಿಲ್ಲವಂತೆ.

ನಾನು ಏನೂ ಹೇಳಲಾರದೆ ಅವರ ಕೈ ಹಿಡಕೊಂಡೆ. ಅತ್ತೆ ಬಸದಿಯ ಬಾಗಿಲನ್ನೇ ನೋಡುತ್ತ ಅಂದರು, "ಆ ತಾಯಿಗೆ ಬರೋಕೆ ಈ ಬೆಟ್ಟ ಇತ್ತು. ನಂಗೆ ಮಾರನೇ ದಿನ ಬೆಳಗ್ಗೆ ಒಲೆ ಹಚ್ಚೋದಿತ್ತು. ನಿನ್ನ ಗಂಡ ಆಗ ಐದು ವರ್ಷದ ಹುಡುಗ, ಹಸಿವು ಅಂತ ಬಂದ."

ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು.

ಇಬ್ಬರೂ ಬಂಡೆಯ ಅಂಚಿಗೆ ಬಂದೆವು. ಕೆಳಗೆ ಕಲ್ಯಾಣಿಯ ನೀರು, ಊರಿನ ಹೆಂಚುಗಳು. ಎದುರಿಗೆ ದೊಡ್ಡಬೆಟ್ಟ. ಅದರ ನೆತ್ತಿಯಲ್ಲಿ ಗೋಡೆಗಳ ಮೇಲೆ ಗೊಮ್ಮಟನ ತಲೆ, ಹೆಗಲು, ಸಂಜೆ ಬಿಸಿಲಿನಲ್ಲಿ. ಮುಖ ನಮ್ಮ ಕಡೆಗೇ! ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡರು. ಕೈ ಮುಗಿದರು. "ನಾನು ಹತ್ತೋಕಾಗಲ್ಲ ಅಂತ ಅವನೇ ಈ ಕಡೆ ನೋಡ್ತಾ ನಿಂತವನೇ," ಅಂದರು.

ಚಾವುಂಡರಾಯನ ಕಥೆ ಆಗ ನನಗೆ ನೆನಪಾಯಿತು. ಅವನು ಗಂಗರ ರಾಚಮಲ್ಲನ ಮಂತ್ರಿ, ಸೇನಾಪತಿ. ಅವನ ತಾಯಿ ಕಾಳಲಾದೇವಿ ಪೌದನಪುರದಲ್ಲಿ ಬಾಹುಬಲಿಯ ದೊಡ್ಡ ಮೂರ್ತಿ ಇದೆಯೆಂದು ಕೇಳಿ, ಅದನ್ನು ನೋಡುವವರೆಗೆ ಹಾಲು ಮುಟ್ಟುವುದಿಲ್ಲವೆಂದು ವ್ರತ ಹಿಡಿದಳಂತೆ. ಮಗ ತಾಯಿಯನ್ನು ಕರಕೊಂಡು ಹೊರಟ. ದಾರಿಯಲ್ಲಿ ಇಲ್ಲಿ ತಂಗಿದ್ದಾಗ ಕನಸಿನಲ್ಲಿ ಯಕ್ಷಿ ಬಂದು, ಅಷ್ಟು ದೂರ ಹೋಗಲಾಗದು, ಚಿಕ್ಕಬೆಟ್ಟದಿಂದ ಎದುರು ಬೆಟ್ಟಕ್ಕೆ ಬಾಣ ಬಿಡು ಎಂದಳಂತೆ. ಬಾಣ ತಾಗಿದಲ್ಲಿ ಗೊಮ್ಮಟ ಕಾಣಿಸಿದ. ಹಾಗಾದರೆ ಕಥೆಯ ಪ್ರಕಾರ ಗೊಮ್ಮಟನನ್ನು ಮೊದಲು ಕಂಡದ್ದು ಈ ಚಿಕ್ಕಬೆಟ್ಟದಿಂದಲೇ. ವಯಸ್ಸಾದ ಒಬ್ಬ ತಾಯಿಯ ಆಸೆಯಿಂದಲೇ ಇಷ್ಟೆಲ್ಲ ಆದದ್ದು. ಅತ್ತೆಗೆ ಇದನ್ನು ಹೇಳಿದೆ. "ಮಗ ಕರಕೊಂಡು ಬಂದ ಅಂತೀಯ, ನನ್ನನ್ನ ಸೊಸೆ ಕರಕೊಂಡು ಬಂದ್ಲು," ಅಂದರು.

ಗುಳ್ಳಕಾಯಜ್ಜಿಗೆ ಒಂದು ಹಿಡಿ

ಮರುದಿನ ಬೆಳಗ್ಗೆ ದೊಡ್ಡಬೆಟ್ಟಕ್ಕೆ ನಾನೊಬ್ಬಳೇ ಹೊರಟೆ. ಅತ್ತೆ ಕಲ್ಯಾಣಿಯ ಹತ್ತಿರ ಕೂತಿರುತ್ತೇನೆಂದರು. ಹೊರಡುವಾಗ ಕರವಸ್ತ್ರದಲ್ಲಿ ಕಟ್ಟಿದ ಒಂದು ಗಂಟು ಕೊಟ್ಟರು. ಮನೆಯ ಡಬ್ಬಿಯಿಂದ ತಂದ ಒಂದು ಹಿಡಿ ಅಕ್ಕಿ. ಜೈನರು ಬಸದಿಯಲ್ಲಿ ಅಕ್ಕಿ ಅರ್ಪಿಸುತ್ತಾರೆಂದು ಹಿಂದಿನ ಬೀದಿಯ ಅಮ್ಮ ಹೇಳಿದ್ದರು. "ಪಾದದ ಹತ್ತಿರ ಇಡು. ಯಾರ ಹೆಸರೂ ಹೇಳಬೇಡ, ಅವನಿಗೆ ಗೊತ್ತಾಗ್ತದೆ," ಅಂದರು.

ಒಂಟಿಯಾಗಿ ಎಲ್ಲಿಗೂ ಹೋಗಿ ಅಭ್ಯಾಸವಿಲ್ಲದ ನನಗೆ ಮೊದಮೊದಲು ಸಂಕೋಚ. ಆಮೇಲೆ ಮೆಟ್ಟಿಲು ಎಣಿಸುತ್ತ ಎಣಿಸುತ್ತ ಎಲ್ಲ ಮರೆತೆ. ದಾರಿಯಲ್ಲಿ ಒದೆಗಲ್ ಬಸದಿ ಇದೆ. ಗೋಡೆಗೆ ಆಸರೆಯಾಗಿ ಕಲ್ಲಿನ ಊರೆ ಕೊಟ್ಟಿದ್ದರಿಂದ ಆ ಹೆಸರು. ಮುಂದೆ ಅಖಂಡ ಬಾಗಿಲು. ಒಂದೇ ಬಂಡೆಯಲ್ಲಿ ಕಡಿದದ್ದು, ಮೇಲೆ ಆನೆಗಳು ನೀರೆರೆಯುತ್ತಿರುವ ಗಜಲಕ್ಷ್ಮಿ.

ಒಳಗೆ ಕಾಲಿಟ್ಟಾಗ ಏನು ಹೇಳಲಿ! ಐವತ್ತೆಂಟು ಅಡಿ, ಒಂದೇ ಕಲ್ಲು. ಕಾಲ ಬಳಿ ಹುತ್ತ, ಹುತ್ತದಿಂದ ಹಾವು. ಮಾಧವಿ ಬಳ್ಳಿ ಕಾಲಿಗೆ ಸುತ್ತಿ ತೋಳಿನವರೆಗೆ ಹಬ್ಬಿದೆ. ಅಣ್ಣ ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ವರ್ಷವಿಡೀ ನಿಂತು ತಪಸ್ಸು ಮಾಡಿದವನು. ಒಂದು ಮೊಳ ಜಾಗಕ್ಕೆ ಅಣ್ಣ ತಮ್ಮಂದಿರು ಕೋರ್ಟು ಹತ್ತುವುದನ್ನು ನಾವು ದಿನಾ ನೋಡುತ್ತೇವಲ್ಲ. ಆ ಮುಖದಲ್ಲಿ ಗೆದ್ದ ಗರ್ವವಿಲ್ಲ, ಬಿಟ್ಟ ದುಃಖವೂ ಇಲ್ಲ. ಪಾದದ ಎರಡೂ ಪಕ್ಕ ಚಾವುಂಡರಾಯ ಮಾಡಿಸಿದನೆಂದು, ಸುತ್ತಾಲಯವನ್ನು ಗಂಗರಾಜ ಮಾಡಿಸಿದನೆಂದು ಕನ್ನಡದಲ್ಲಿ ಕೆತ್ತಿದೆ. ಪಕ್ಕದಲ್ಲಿ ತಮಿಳು, ಮರಾಠಿ ಬರಹವೂ ಇದೆ.

ಅರ್ಧ ಅಕ್ಕಿಯನ್ನು ಗೊಮ್ಮಟನ ಮುಂದೆ ಇಟ್ಟೆ. ಯಾರ ಹೆಸರೂ ಹೇಳಲಿಲ್ಲ.

ಇನ್ನರ್ಧ ಯಾಕೆ ಉಳಿಸಿಕೊಂಡೆ ಗೊತ್ತೇ? ಹೊರಬಾಗಿಲ ಎದುರಿಗೆ ಒಂದು ಮಂಟಪದಲ್ಲಿ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯ ಮೊದಲ ಅಭಿಷೇಕ ಮಾಡಿಸಿದಾಗ ಕೊಡಗಟ್ಟಲೆ ಹಾಲು ಸುರಿದರೂ ಸೊಂಟದಿಂದ ಕೆಳಗೆ ಇಳಿಯಲಿಲ್ಲವಂತೆ. ನಾನು ಮಾಡಿಸಿದೆ ಎಂಬ ಗರ್ವ ಅವನಿಗೆ ಬಂದಿತ್ತು. ಆಗ ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಸಿಪ್ಪೆಯಲ್ಲಿ ಒಂದಿಷ್ಟು ಹಾಲು ತಂದಳು. ಎಲ್ಲರೂ ನಕ್ಕರು. ಅವಳ ಹಾಲು ಮಾತ್ರ ನೆತ್ತಿಯಿಂದ ಪಾದದವರೆಗೆ ಹರಿದು, ಬೆಟ್ಟ ಇಳಿದು, ಕೆಳಗೆ ಬಿಳಿಯ ಕೊಳವಾಯಿತು. ಗುಳ್ಳಕಾಯಿ ಎಂದರೆ ನಾವು ಪಲ್ಯಕ್ಕೆ ಹೆಚ್ಚುವ ಬದನೆಯ ಜಾತಿಯೇ. ಎಷ್ಟು ಹಾಲು ಹಿಡಿದೀತು, ನೀವೇ ಹೇಳಿ! ಹೈಸ್ಕೂಲಿನಲ್ಲಿ ಬಂದಾಗ ಈ ಅಜ್ಜಿಯ ಮುಂದೆಯೇ ಹಾದು ಹೋಗಿದ್ದೆ, ಕಣ್ಣೆತ್ತಿ ನೋಡಿರಲಿಲ್ಲ. ಈ ಸಲ ಉಳಿದ ಅಕ್ಕಿಯನ್ನು ಅವಳ ಪಾದದ ಹತ್ತಿರ ಇಟ್ಟೆ. ಅಳು ತಡೆಯಲಾಗಲಿಲ್ಲ. ಯಾರೋ ಒಬ್ಬಾಕೆ ಗುರುತಿಲ್ಲದಿದ್ದರೂ ನೀರಿನ ಬಾಟಲಿ ಕೊಟ್ಟಳು.

ಕೆಳಗೆ ಬಂದಾಗ ಅತ್ತೆ ಕಲ್ಯಾಣಿಯ ಹತ್ತಿರ ಒಬ್ಬ ಹೆಂಗಸಿನ ಹತ್ತಿರ ಅವರೆಕಾಯಿಯ ರೇಟು ವಿಚಾರಿಸುತ್ತಿದ್ದರು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಅಜ್ಜಿ ಇದ್ಲಾ?" ಎಂದು. ಇದ್ದಳು ಎಂದೆ. "ಇಟ್ಯಾ?" ಎಂದರು. ಇಟ್ಟೆ ಎಂದೆ. "ಸರಿ, ಬಾ, ತಿಂಡಿ ತಿನ್ನು," ಎಂದು ಡಬ್ಬಿ ಬಿಚ್ಚಿದರು.

ಮನೆಗೆ ಬಂದ ಮೇಲೆ ನಾನು ಒಂದು ತೀರ್ಮಾನ ಮಾಡಿದ್ದೇನೆ. ನನ್ನ ಮಗಳಿಗೂ ಹೇಳಿದ್ದೇನೆ. ಮನೆಯ ಕೆಲಸ ಎಂದೂ ಮುಗಿಯುವುದಿಲ್ಲ, ಯಾರಿಗಾದರೂ ಜ್ವರ ಇದ್ದೇ ಇರುತ್ತದೆ. ಬಿಟ್ಟು ಹೋಗಲಾಗದ ದಿನಗಳಲ್ಲಿ ಹೋಗಬೇಡಿ, ಅತ್ತೆಯೂ ಹೋಗಲಿಲ್ಲ. ಆದರೆ ಹೋಗಬಹುದಾದ ದಿನ ಬಂದಾಗ, ಅಭಿಷೇಕ ಇಲ್ಲ, ಜಾತ್ರೆ ಇಲ್ಲ ಎಂದು ಮುಂದೂಡಬೇಡಿ. ನಿಮ್ಮ ಮನೆಯ ಹಿರಿಯರಿಗೆ ಎಲ್ಲಿಗೆ ಹೋಗುವ ಆಸೆಯಿತ್ತು ಎಂದು ಇವತ್ತೇ ಒಮ್ಮೆ ಕೇಳಿ ನೋಡಿ. ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ.

ಹೋಗುವವರಿಗೆ ಒಂದಿಷ್ಟು

ಬೆಂಗಳೂರಿನಿಂದ ಬೆಳಗೊಳ ಸುಮಾರು 145 ಕಿಲೋಮೀಟರು. ಚನ್ನರಾಯಪಟ್ಟಣಕ್ಕೆ ಬಂದರೆ ಅಲ್ಲಿಂದ ಬಸ್ಸುಗಳಿವೆ. ಊರಿಗೆ ರೈಲು ನಿಲ್ದಾಣವೂ ಇದೆ, ಬೆಂಗಳೂರು ಹಾಸನ ರೈಲು ದಾರಿ 2017ರಲ್ಲಿ ತೆರೆದಿದೆ. ಬೆಟ್ಟಕ್ಕೆ ಬೆಳಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ ಹತ್ತಿ. ಚಪ್ಪಲಿ ಕೆಳಗೇ ಬಿಡಬೇಕು. ದಪ್ಪ ಕಾಲುಚೀಲ ಮನೆಯಿಂದಲೇ ಒಯ್ಯಿರಿ. ಮಂಡಿ ನೋವಿನವರು ಡೋಲಿಯಲ್ಲಿ ಹೋಗಲು ಸಂಕೋಚ ಪಡಬೇಡಿ, ನಮ್ಮತ್ತೆಯ ಮಾತು ಬೇರೆ! ಒಂದು ಸಂಜೆಯನ್ನು ಚಿಕ್ಕಬೆಟ್ಟಕ್ಕೆಂದೇ ಇಟ್ಟುಕೊಳ್ಳಿ. ಕ್ಷೇತ್ರದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ತರಕಾರಿ ಬಳಸುವುದಿಲ್ಲ. ಜೈನರು ಕತ್ತಲಾಗುವ ಮೊದಲೇ ಊಟ ಮುಗಿಸುತ್ತಾರೆ, ನೀವೂ ಹಾಗೇ ಮುಗಿಸಿಕೊಳ್ಳಿ.

ನಾವು ಒಯ್ದ ತಿಂಡಿ ಗೊಜ್ಜವಲಕ್ಕಿ. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ. ನಿಂಬೆಹಣ್ಣಿನ ಗಾತ್ರದ ಹುಣಿಸೆಹಣ್ಣನ್ನು ನೆನೆಸಿ ಕಿವುಚಿ, ಅದಕ್ಕೆ ಉಪ್ಪು, ನಿಂಬೆ ಗಾತ್ರದ ಬೆಲ್ಲ, ಎರಡು ಚಮಚ ಸಾರಿನ ಪುಡಿ ಹಾಕಿ ಕದಡಿ, ಅವಲಕ್ಕಿಗೆ ಸುರಿದು ಅರ್ಧ ಗಂಟೆ ಬಿಡಿ. ಸಾರಿನ ಪುಡಿಯಲ್ಲಿ ಬೆಳ್ಳುಳ್ಳಿ ಇರಬಾರದು. ಎಣ್ಣೆಗೆ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಇಂಗು, ಕರಿಬೇವು ಹಾಕಿ ಒಗ್ಗರಣೆ ಮಾಡಿ, ಅವಲಕ್ಕಿ ಹಾಕಿ ಕೈಯಾಡಿಸಿ. ಕೊನೆಗೆ ಒಣಕೊಬ್ಬರಿ ತುರಿ. ಹಸಿ ತೆಂಗಿನಕಾಯಿ ಹಾಕಿದರೆ ಬೇಗ ಹಳಸುತ್ತದೆ, ಕೊಬ್ಬರಿಯಾದರೆ ಮಾರನೆಯ ದಿನದ ಬೆಳಗ್ಗೆಗೂ ಚೆನ್ನಾಗಿರುತ್ತದೆ. ತಿಪಟೂರಿನವಳ ಮಾತು, ನಂಬಬಹುದು!